ಅಟ್ಟದ ಮೇಲಿನ ಸರಳು

ವಿಜಯದಶಮಿಯ ಸಂಜೆ ಶಿವಮೊಗ್ಗದ ಹಳೇ ಜೈಲಿನ ಮೈದಾನದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊರಿನ ದೇವರುಗಳ ಮೆರವಣಿಗೆ ಬಂದು ಸೇರಿದ ಮೇಲೆ ತಹಸೀಲ್ದಾರರು ಕತ್ತಿ ಹಿಡಿದು ಅಂಬು ಕಡಿಯುತ್ತಾರೆ. ಜನ ಬನ್ನಿಗೆ ಮುಗಿಬೀಳುತ್ತಾರೆ. ವರ್ಷ ವರ್ಷವೂ ನಡೆಯುವ ಸಂಗತಿ, ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಅಜ್ಜನ ಕೈ ಹಿಡಿದು ನಿಂತಿದ್ದ ಹತ್ತು ವರ್ಷದ ಹುಡುಗನೊಬ್ಬ ಕೇಳಿಯೇಬಿಟ್ಟ.

"ಅಂಬು ಅಂದ್ರೆ ಬಾಣ ಅಲ್ವಾ ಅಜ್ಜ? ಬಾಣ ಎಲ್ಲಿದೆ?"

ಅಜ್ಜನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಬಾಣ ತಾನೆ? ನಾನೇ ಮಾಡಿಕೊಡ್ತೀನಿ ಬಾರೋ" ಅಂದುಬಿಟ್ಟರು. ದಸರೆಯ ಗದ್ದಲದಲ್ಲಿ ಕೊಟ್ಟ ಮಾತು ದೀಪಾವಳಿಯ ಹೊತ್ತಿಗೆ ಮರೆತುಹೋಗುತ್ತದೆ ಎಂಬುದು ಹಿರಿಯರೆಲ್ಲರ ಲೆಕ್ಕಾಚಾರ. ಈ ಹುಡುಗ ಮರೆಯಲಿಲ್ಲ. ವಾರಕ್ಕೊಮ್ಮೆ ಶಿವಮೊಗ್ಗದಿಂದ ಭದ್ರಾವತಿಗೆ ಫೋನು. ಅಜ್ಜಿ ಎತ್ತಿಕೊಂಡರೆ, "ಅಜ್ಜಂಗೆ ಕೊಡಿ, ಬಾಣದ ವಿಷಯ ಮಾತಾಡಬೇಕು."

"ಕೊಟ್ಟ ಮಾತು ನಡೆಸಿರಿ. ನನ್ನ ತಲೆ ತಿಂತಾನೆ" ಎಂದು ಅಜ್ಜಿ ಕೊನೆಗೆ ಆಜ್ಞೆ ಮಾಡಿದರು.

ಅಜ್ಜ ದುಡಿದದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಕೆಂಪಗೆ ಕಾದ ಉಕ್ಕನ್ನು ಸರಳಾಗಿ ಎಳೆಯುವ ರೋಲಿಂಗ್ ಮಿಲ್ಲಿನಲ್ಲಿ. ಸರಳು ಎಂದರೆ ಇಂದು ನಮಗೆ ಕಿಟಕಿಗೆ ಹಾಕುವ ಕಬ್ಬಿಣ, ತಾರಸಿಗೆ ಹಾಕುವ ಕಬ್ಬಿಣ. ಹಳಗನ್ನಡದವರಿಗೆ ಅದೇ ಮಾತಿಗೆ ಬಾಣವೆಂದು ಅರ್ಥ. ಜೀವಮಾನವೆಲ್ಲ ಕಬ್ಬಿಣದ ಸರಳು ಮಾಡಿದ ಮನುಷ್ಯ, ಎಪ್ಪತ್ತು ದಾಟಿದ ಮೇಲೆ ಮರದ ಸರಳು ಹುಡುಕಿಕೊಂಡು ಹೊರಡಬೇಕಾಯಿತು.

ವಿದ್ಯೆ ಅವರಿಗೆ ತಂದೆಯಿಂದ ಬಂದದ್ದು. 1923ರಲ್ಲಿ ಭದ್ರಾವತಿಯ ಕುಲುಮೆಯಲ್ಲಿ ಕಬ್ಬಿಣ ಕರಗತೊಡಗಿದಾಗ ಅದಕ್ಕೆ ಹಾಕುತ್ತಿದ್ದದ್ದು ಕಲ್ಲಿದ್ದಲಲ್ಲ, ಸೌದೆಯ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಸೌದೆ ಸುತ್ತಲಿನ ಕಾಡಿನಿಂದ. ಸೌದೆಯನ್ನು ಮುಚ್ಚಿದ ಭಟ್ಟಿಯಲ್ಲಿ ಕಾಯಿಸಿ, ಇದ್ದಿಲಿನ ಜತೆಗೆ ಟಾರು, ಸ್ಪಿರಿಟ್ಟುಗಳನ್ನೂ ಇಳಿಸಿಕೊಳ್ಳುವ ದೊಡ್ಡ ಘಟಕವೇ ಅಲ್ಲಿತ್ತು. ಅಜ್ಜನ ತಂದೆ ಆ ಸೌದೆಯ ಕೂಪುಗಳಲ್ಲಿ ಕೊಡಲಿ ಹಿಡಿದವರು. ಕಡಿದ ಮರ ಏನಾಗುತ್ತದೆಂದು ಕಡಿದವನಷ್ಟು ಚೆನ್ನಾಗಿ ಬಲ್ಲವರು ಯಾರು? ಬೇರಿಗೆ ಪೆಟ್ಟಾಗದಂತೆ, ನೀರು ನಿಲ್ಲದಂತೆ ಓರೆಯಾಗಿ ಕಡಿದರೆ ಬಹಳಷ್ಟು ಜಾತಿಯ ಮರಗಳು ಸಾಯುವುದಿಲ್ಲ. ಮುಂದಿನ ಮಳೆಗೆ ಮೋಟಿನ ಸುತ್ತ ಹತ್ತಾರು ಚಿಗುರು ಏಳುತ್ತವೆ. ದೊಡ್ಡ ಮರಕ್ಕೆ ಉಣಿಸುತ್ತಿದ್ದ ಬೇರು ಈಗ ಬೆರಳು ದಪ್ಪದ ಕುಡಿಗಳಿಗೆ ಉಣಿಸುತ್ತದೆ. ಒಂದನ್ನೊಂದು ಒತ್ತಿಕೊಂಡು ಎದ್ದ ಆ ಕುಡಿಗಳಿಗೆ ಪಕ್ಕಕ್ಕೆ ಜಾಗವಿಲ್ಲ, ಬೆಳಕಿರುವುದು ಮೇಲೆ. ಕವಲೊಡೆಯದೆ ನೆಟ್ಟಗೆ ಏರುತ್ತವೆ. ಬಾಣಕ್ಕೆ ಬೇಕಾದದ್ದು ಈ ಚಿಗುರು.

ಬೆಳೆದ ಮರದ ಕೊಂಬೆ ಯಾಕಾಗದು? ಕೊಂಬೆ ಬೆಳಕಿನ ಕಡೆಗೆ ವಾಲಿಕೊಂಡೇ ಬೆಳೆಯುತ್ತದೆ. ಗೆಣ್ಣಿಗೊಂದು ಕವಲು, ಕವಲಿಗೊಂದು ಗಂಟು. ಬಾಣ ಬಿಟ್ಟ ಕ್ಷಣದಲ್ಲಿ ಹೆದೆ ಹಿಂದಿನಿಂದ ತಳ್ಳಿದಾಗ ಕಡ್ಡಿ ಹಾವಿನಂತೆ ಬಳುಕಿ ಆಮೇಲೆ ನೆಟ್ಟಗಾಗುತ್ತದೆ. ಗಂಟಿದ್ದ ಕಡೆ ಅದು ಬಳುಕದೆ ಮುರಿಯುತ್ತದೆ, ಮುರಿದದ್ದು ಹುಡುಗನ ಕೈಗೇ ಚುಚ್ಚುತ್ತದೆ.

ಹೀಗೆ ಡಿಸೆಂಬರಿನ ಒಂದು ಭಾನುವಾರ ಅಜ್ಜ, ಮೊಮ್ಮಗ ಮಂಜಿನಲ್ಲಿ ನಾಲೆಯ ಏರಿ ಹತ್ತಿದರು. ಕಾಡಿಗೆ ಹೋಗುವ ಮಾತೇ ಇರಲಿಲ್ಲ. ಒಂದು ಕಡೆ ಭದ್ರಾ ಅಭಯಾರಣ್ಯ, ಇನ್ನೊಂದು ಕಡೆ ಶೆಟ್ಟಿಹಳ್ಳಿಯದು. ಅಲ್ಲಿ ಕತ್ತಿ ಹಿಡಿದು ಕಾಲಿಟ್ಟರೆ ಕೇಸು. ಮುತ್ತಜ್ಜ ಸಂಬಳ ಪಡೆದು ಮಾಡಿದ ಕೆಲಸ ಮರಿಮಗನ ಕಾಲಕ್ಕೆ ಅಪರಾಧವಾಗಿದೆ, ಆಗಬೇಕಾದದ್ದೇ. ಅಜ್ಜ ಹೊರಟದ್ದು ಪರಿಚಯದವರ ಗದ್ದೆಯ ಬೇಲಿಗೆ. ಬೇಲಿಯಲ್ಲಿ ಲಕ್ಕಿ ಗಿಡಗಳಿದ್ದವು, ವರ್ಷಕ್ಕೊಮ್ಮೆ ಸವರಿಸಿಕೊಂಡು ಮತ್ತೆ ಮತ್ತೆ ಚಿಗುರಿದವು. ಮೂಲೆಯಲ್ಲಿ ಒಂದು ತಡಸಲು ಮರದ ಮೋಟು. ಬಳುಕುವ ಗುಣಕ್ಕೆ ಹೆಸರಾದ ಮರ ಅದು, ಬಿಲ್ಲಿಗೂ ಒದಗುತ್ತದೆ. ಎರಡು ವರ್ಷದ ಹಿಂದೆ ಬುಡ ಬಿಟ್ಟು ಕಡಿದಿದ್ದರು.

ಅಜ್ಜ ಕುಡುಗೋಲು ಎತ್ತುವ ಮೊದಲು ಪ್ರತಿ ಚಿಗುರನ್ನೂ ಸುತ್ತುಬಂದು ನೋಡಿದರು. ಕಿರುಬೆರಳಿನ ದಪ್ಪ ಇರಬೇಕು. ಬುಡದಿಂದ ತುದಿಗೆ ಸಣ್ಣಗಾಗುವುದು ನಿಧಾನವಾಗಿರಬೇಕು. ಎಳೆಯದಾಗಬಾರದು. ಎಳೆ ಲಕ್ಕಿ ನಾಲ್ಕು ಮೂಲೆಯಾಗಿರುತ್ತದೆ, ಬಲಿತ ಮೇಲೆ ದುಂಡಗಾಗುತ್ತದೆ. ಬೇಕಾದ ಅಳತೆಗಿಂತ ಒಂದು ಗೇಣು ಉದ್ದವೇ ಇರಲಿ, ಒಣಗುವಾಗ ತುದಿಗಳು ಸೀಳುತ್ತವೆ. ಎಲ್ಲಕ್ಕಿಂತ ಮುಖ್ಯ, ಒಂದು ಮೋಟಿನಿಂದ ಎಲ್ಲವನ್ನೂ ಕೊಯ್ಯಬಾರದು.

"ಯಾಕೆ ಅಜ್ಜ?"

"ಇದರ ಹೊಟ್ಟೆಗೂ ಏನಾದ್ರೂ ಬೇಡ್ವೇನೋ? ಎಲೆ ಇದ್ದರೆ ತಾನೆ ಊಟ."

ಹನ್ನೊಂದು ಗಂಟೆಗೆ ಮೂವತ್ತು ಚಿಗುರುಗಳ ಒಂದು ಕಟ್ಟಾಯಿತು. ಚಳಿಗಾಲದಲ್ಲಿ ಕೊಯ್ದರೆ ಗಿಡದಲ್ಲಿ ರಸದ ಓಡಾಟ ಕಡಿಮೆ, ಹುಳು ಹಿಡಿಯುವುದೂ ಕಡಿಮೆ. ಮನೆಗೆ ಬಂದು ಅಜ್ಜ ತುದಿಗಳಿಗೆ ಸಗಣಿ ಮೆತ್ತಿದರು. ಸಿಪ್ಪೆ ತೆಗೆಯದೆ ಒತ್ತಾಗಿ ಹುರಿ ಸುತ್ತಿ, ಬಚ್ಚಲ ಒಲೆಯ ಹೊಗೆ ತಾಗುವ ಅಟ್ಟದ ಮೇಲೆ ಇಟ್ಟು ಕೈ ತೊಳೆದರು.

"ಇಷ್ಟೇನಾ? ಬಾಣ ಯಾವಾಗ?" ಎಂದು ಹುಡುಗ ಕೇಳಿದ.

"ಮುಂದಿನ ದಸರಾಕ್ಕೆ."

ಅವತ್ತು ಆದ ರಂಪ ಬೀದಿಗೆಲ್ಲ ಕೇಳಿಸಿತು. ಅಜ್ಜ ಸೋತು ಒಂದು ಹಸಿ ಚಿಗುರನ್ನು ಹಿರಿದು, ಸಿಪ್ಪೆ ಸುಲಿದು, ಹಿಂದಕ್ಕೆ ಕಚ್ಚು ಹಾಕಿ, ಕೋಳಿಯ ಗರಿ ಸೀಳಿ ಮೂರು ಕಡೆ ಅಂಟಿಸಿ ಕೊಟ್ಟರು. ಬಿದಿರಿನ ದಬ್ಬೆಯೇ ಬಿಲ್ಲು. ಬಾಣ ಹಿತ್ತಲಿನ ಹುಲ್ಲಿನ ಮೂಟೆಗೆ ನೆಟ್ಟಗೆ ಹೋಗಿ ತಾಗಿತು. "ನೋಡಿ, ಒಣಗಿಸೋದು ಬೇಕೇ ಇಲ್ಲ" ಎಂದು ಹುಡುಗ ಗೆದ್ದ ನಗೆ ನಕ್ಕ. ಮುಂದಿನ ಭಾನುವಾರ ಬಂದು ನೋಡಿದರೆ ಬಾಣ ಬಾಳೆಕಾಯಿಯಂತೆ ಬಾಗಿ ಮೂಲೆಯಲ್ಲಿ ಕುಳಿತಿತ್ತು. ಅಜ್ಜ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹುಡುಗನ ಅಪ್ಪ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಶಿವಮೊಗ್ಗದ ಬ್ಯಾಂಕೊಂದರಲ್ಲಿ ಕೆಲಸ, ನಲವತ್ತು ದಾಟಿದ ವಯಸ್ಸು. ಅವನು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಯ ನಾಟಕದಲ್ಲಿ ಏಕಲವ್ಯನ ಪಾತ್ರ ಸಿಕ್ಕಿತ್ತು. ಬಿಲ್ಲು ಬಾಣ ಮಾಡಿಕೊಡಿ ಎಂದು ಅಪ್ಪನನ್ನು ಕೇಳಿದ್ದ. ಅಪ್ಪನಿಗೆ ಆ ವಾರ ರಾತ್ರಿ ಪಾಳಿ. ಭಾನುವಾರ ನೋಡೋಣ ಅಂದರು. ಭಾನುವಾರ ಓಟಿಗೆ ಒಪ್ಪಿಕೊಂಡರು. ಏಕಲವ್ಯ ತೆಂಗಿನ ಪೊರಕೆಯ ಕಡ್ಡಿ ಹಿಡಿದು ರಂಗದ ಮೇಲೆ ಬಂದ, ಸಭೆ ಗೊಳ್ಳೆಂದು ನಕ್ಕಿತು. ಮನೆಗೆ ಬಂದು ಹುಡುಗ ಹೇಳಲಿಲ್ಲ, ಅಪ್ಪನಿಗೆ ತಿಳಿದದ್ದು ತಿಂಗಳಾದ ಮೇಲೆ, ಹೆಂಡತಿಯಿಂದ. ಆ ವಿಷಯ ತಂದೆ ಮಗನ ನಡುವೆ ಒಮ್ಮೆಯೂ ಬಂದಿಲ್ಲ. ಕೆಲವು ಮಾತುಗಳು ಮನೆಯಲ್ಲಿ ಹಾಗೆಯೇ ಉಳಿದುಬಿಡುತ್ತವೆ. ಒಣಗುವುದೂ ಇಲ್ಲ, ಕೊಳೆಯುವುದೂ ಇಲ್ಲ.

ಒಣಗುವ ಕಾಲದಲ್ಲಿ ಹುಡುಗನನ್ನು ಸಮಾಧಾನ ಮಾಡುವುದೇ ಒಂದು ಕೆಲಸವಾಯಿತು. ಬೇಸಿಗೆ ರಜೆಯಲ್ಲಿ ಅಪ್ಪ ಅವನನ್ನು ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಅಲ್ಲಿ ವೀರಗಲ್ಲುಗಳಿವೆ. ಬಿಲ್ಲು ಹಿಡಿದು ನಿಂತ ವೀರರು ಈ ಜಿಲ್ಲೆಯ ವೀರಗಲ್ಲುಗಳಲ್ಲಿ ಬೇಕಾದಷ್ಟು ಮಂದಿ. ಕಲ್ಲಿನ ಬಾಣ ಉಳಿದಿದೆ, ಅವರು ಹಿಡಿದಿದ್ದ ಮರದ ಬಾಣವನ್ನು ಗೆದ್ದಲು ತಿಂದು ಎಷ್ಟು ಕಾಲವಾಯಿತೋ. ಮರದ ಬಾಣ ಸಾವಿರಾರು ವರ್ಷ ಉಳಿಯಬೇಕಾದರೆ ಹಿಮದಂಥ ಆಸರೆ ಬೇಕು. 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ದೇಹ ಸಿಕ್ಕಿತು. ಅವನ ಬತ್ತಳಿಕೆಯಲ್ಲಿ ಹದಿನಾಲ್ಕು ಬಾಣಗಳು. ಬಹುಪಾಲು ಇಂಥವೇ, ಪೊದೆಯ ನೆಟ್ಟನೆಯ ಚಿಗುರಿನವು. ಪೂರ್ತಿ ಸಿದ್ಧವಾಗಿದ್ದದ್ದು ಎರಡೇ. ಉಳಿದ ಹನ್ನೆರಡಕ್ಕೆ ಗರಿಯಿಲ್ಲ, ಮೊನೆಯಿಲ್ಲ. ಬಿಲ್ಲು ಕೂಡ ಅರೆಬರೆ. ಅಪ್ಪ ಇದನ್ನು ಹೇಳಿದಾಗ ಹುಡುಗ, "ಅವನಿಗೂ ಮುಂದಿನ ದಸರಾ ಅಂದಿದ್ರಾ?" ಎಂದು ಕೇಳಿದನಂತೆ.

ಮುಂದಿನ ದಸರಾ ಬಂತು. ಆಯುಧಪೂಜೆಗೆ ಎಲ್ಲರೂ ಭದ್ರಾವತಿಗೆ ಬಂದರು. ಅಜ್ಜ ಸ್ಟೂಲು ಹಾಕಿಕೊಂಡು ಅಟ್ಟದಿಂದ ಕಟ್ಟು ಇಳಿಸಿದರು. ವರ್ಷದಲ್ಲಿ ನಾಲ್ಕು ಸಲ ಸಡಿಲವಾದ ಹುರಿಯನ್ನು ಬಿಗಿದಿದ್ದರು. ಬಿಚ್ಚಿ ನೋಡಿದರೆ ಐದು ಸೀಳಿದ್ದವು, ಏಳಕ್ಕೆ ಹುಳು, ಕೆಲವು ತಿರುಚಿಕೊಂಡಿದ್ದವು. ಕೆಲಸಕ್ಕೆ ಬರುವವು ಹನ್ನೊಂದು. "ಬಾರೋ" ಎಂದು ಮೊಮ್ಮಗನನ್ನು ಕೂಗಿದರು.

ಮೊಮ್ಮಗ ಜಗಲಿಯ ಮೇಲೆ ಅಪ್ಪನ ಮೊಬೈಲಿನಲ್ಲಿ ಕ್ರಿಕೆಟ್ ಆಡುತ್ತಿದ್ದ. "ಒಂದೇ ಓವರ್ ಅಜ್ಜ" ಅಂದ. ಹನ್ನೊಂದು ವರ್ಷದವರ ಓವರಿಗೆ ಆರೇ ಎಸೆತವೆಂದು ಯಾರು ಹೇಳಿದರು?

ಅಜ್ಜ ಒಬ್ಬರೇ ಬಚ್ಚಲ ಒಲೆಯ ಮುಂದೆ ಕುಳಿತು ಕೆಂಡ ಎಳೆದರು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಕುಕ್ಕರುಗಾಲಿನಲ್ಲಿ ಕೂತ ಹಾಗಾಯಿತು. ನೋಡಿದರೆ ಮಗ, ಪ್ಯಾಂಟು ಮಡಚಿಕೊಂಡು.

"ಹೇಗೆ ಮಾಡೋದು ಅಪ್ಪ?"

"ಸಿಪ್ಪೆ ಹೆರೆ. ಎಲ್ಲಿ ಸೊಟ್ಟ ಇದೆಯೋ ಅಲ್ಲಿ ಮಾತ್ರ ಕೆಂಡದ ಮೇಲೆ ಹಿಡಿ. ಕಪ್ಪಾಗಬಾರದು. ಬಿಸಿ ಇದ್ದಾಗಲೇ ಬಗ್ಗಿಸು, ಆರುವ ತನಕ ಕೈ ಬಿಡಬೇಡ. ಕಬ್ಬಿಣಕ್ಕೂ ಇದೇ ಮಾತು."

ಮಗ ಹಿಡಿದ, ಬಗ್ಗಿಸಿದ, ಉಫ್ ಎಂದು ಬೆರಳು ಊದಿಕೊಂಡ, ಮತ್ತೆ ಹಿಡಿದ. ಮೊದಲನೆಯದು ಸುಟ್ಟಿತು. ಎರಡನೆಯದು ಮುರಿಯಿತು. ಮೂರನೆಯದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ನೋಡಿ ಅಪ್ಪನಿಗೆ ಕೊಟ್ಟ. ಅಪ್ಪನ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ನೋಡುವ ಬದಲು ನೆಲದ ಮೇಲೆ ಉರುಳಿಸಿದರು. ಸದ್ದಿಲ್ಲದೆ ಉರುಳಿ ಗೋಡೆಗೆ ತಾಗಿ ನಿಂತಿತು.

"ಸರಿಯಾಗಿದೆ" ಅಂದರು. ಆಮೇಲೆ ಕೆಂಡ ಕೆದಕುತ್ತ, "ಆಗಲೇ ಮಾಡಿಕೊಡಬೇಕಿತ್ತು" ಅಂದರು.

ಮಗ ತಲೆಯೆತ್ತದೆ ಮುಂದಿನ ಕಡ್ಡಿ ಹೆರೆಯತೊಡಗಿದ. "ಒಣಗಿರಲಿಲ್ಲ ಬಿಡಿ" ಅಂದ.

ಮಧ್ಯಾಹ್ನಕ್ಕೆ ಆರು ಬಾಣಗಳಾದವು. ಮೊನೆಗೆ ಬಟ್ಟೆ ಸುತ್ತಿ ಮೊಂಡು ಮಾಡಿದ್ದರು. ಮೊಬೈಲಿನ ಬ್ಯಾಟರಿ ಮುಗಿದು ಹುಡುಗನೂ ಬಂದ. ಊಟದ ಕರೆ ಬರುವವರೆಗೆ ಹಿತ್ತಲಿನ ಹುಲ್ಲಿನ ಮೂಟೆ ಚುಚ್ಚಿಸಿಕೊಂಡಿತು. ಅಜ್ಜ ಉಳಿದ ಮೂರು ಕಡ್ಡಿಗಳಿಗೆ ಮತ್ತೆ ಹುರಿ ಸುತ್ತಿ ಅಟ್ಟಕ್ಕೆ ಏರಿಸಿದರು.

"ಅವು ಯಾರಿಗೆ ಅಜ್ಜ? ನನಗಾ?"

"ನಿನಗೆ ಆರು ಬಂತಲ್ಲ. ಅವು ನಿಮ್ಮಪ್ಪಂದು."