ಮುಖಪುಟದ ಆಕಾಶ

ಕಳೆದ ವರ್ಷ ನನ್ನ ಮೊದಲ ಪುಸ್ತಕದ ಮುನ್ನೂರು ಪ್ರತಿಗಳ ಮುಖಪುಟ ಕಿತ್ತು ಹಾಕಿಸಬೇಕಾಯಿತು. ದೊಡ್ಡ ಪುಸ್ತಕವೇನಲ್ಲ, ಶಾಲಾ ಮಕ್ಕಳಿಗೆ ಖಗೋಳ ಪರಿಚಯಿಸುವ ಎಂಬತ್ತು ಪುಟದ ಕಿರುಹೊತ್ತಿಗೆ. ಕನ್ನಡದ ವಿಜ್ಞಾನ ಬರವಣಿಗೆಯ ಮೇಲೆ ಪಿಎಚ್.ಡಿ. ಮಾಡುತ್ತಾ, ಬೇರೆಯವರು ಬರೆದದ್ದನ್ನೇ ಎಷ್ಟು ದಿನ ಅಳೆಯುತ್ತಾ ಕೂರುವುದು ಎಂಬ ಹುಮ್ಮಸ್ಸಿನಲ್ಲಿ ಬರೆದದ್ದು. ಫೆಲೋಶಿಪ್ ಹಣದಲ್ಲಿ ನಾನೇ ಅಚ್ಚು ಹಾಕಿಸಿದ್ದೆ.

ಮುಖಪುಟದಲ್ಲಿ ಬೆಟ್ಟದ ಮೇಲೆ ಕಮಾನಿನಂತೆ ಬಾಗಿದ ಆಕಾಶಗಂಗೆ. ಅದು ಸಿಕ್ಕಿದ್ದು ನಾಸಾದ ಎಪಿಒಡಿ ತಾಣದಲ್ಲಿ. 1995ರಿಂದ ದಿನಕ್ಕೊಂದರಂತೆ ಖಗೋಳ ಚಿತ್ರ ಪ್ರಕಟಿಸುತ್ತಾ ಬಂದಿರುವ ತಾಣ ಅದು. ನಾಸಾ ಚಿತ್ರಗಳು ಎಲ್ಲರ ಸ್ವತ್ತು ಎಂದು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಚಿತ್ರ ಇಳಿಸಿಕೊಂಡೆ, ಶೀರ್ಷಿಕೆ ಕೂರಿಸಿದೆ, ಬನಶಂಕರಿಯ ಪ್ರೆಸ್ಸಿಗೆ ಪೆನ್‌ಡ್ರೈವ್ ಕೊಟ್ಟು ಬಂದೆ. ಮುಖಪುಟವನ್ನು ಫೇಸ್‌ಬುಕ್ಕಿನಲ್ಲಿ ಹಾಕಿದ ಮೂರನೇ ದಿನ ಒಂದು ಮೇಲ್. ಆ ಚಿತ್ರ ತೆಗೆದವರದ್ದು. ಮಕ್ಕಳ ಪುಸ್ತಕ ಎಂದು ತಿಳಿದು ಸಂತೋಷವಾಯಿತು, ಮೊದಲೇ ಕೇಳಿದ್ದರೆ ಚೆನ್ನಾಗಿತ್ತು ಎಂದು ಬರೆದಿದ್ದರು. ಆ ಒಂದು ಚಿತ್ರಕ್ಕೆ ನಾಲ್ಕು ರಾತ್ರಿ ಚಳಿಯಲ್ಲಿ ಕಾದಿದ್ದರಂತೆ. ಅದರ ಮುಖಪುಟದ ಹಕ್ಕನ್ನು ಆಗಲೇ ಇನ್ನೊಬ್ಬ ಪ್ರಕಾಶಕರಿಗೆ ಕೊಟ್ಟಾಗಿತ್ತು.

ಬೈದಿದ್ದರೆ ವಾದ ಮಾಡುತ್ತಿದ್ದೆನೇನೋ. ಅಷ್ಟು ಮೆತ್ತಗೆ ಬರೆದವರ ಮುಂದೆ ಏನು ಹೇಳುವುದು? ಮತ್ತೆ ಆ ಪುಟಕ್ಕೆ ಹೋಗಿ ನೋಡಿದರೆ, ಕ್ರೆಡಿಟ್ ಎಂಬ ಪದದ ಪಕ್ಕದಲ್ಲೇ ಕಾಪಿರೈಟ್ ಎಂದೂ ಇತ್ತು. ಜೊತೆಗೆ ಅವರ ಹೆಸರು. ಹಳಗನ್ನಡದ ಪಾಠಾಂತರಗಳನ್ನು ಭೂತಗನ್ನಡಿ ಹಿಡಿದು ಹುಡುಕುವ ನನಗೆ ಆ ಒಂದು ಸಾಲು ಕಂಡಿರಲಿಲ್ಲ.

"ಏನ್ ಮೇಡಂ, ಆಕಾಶಕ್ಕೂ ಓನರ್ ಇದಾರಾ?" ಎಂದರು ಪ್ರೆಸ್ಸಿನವರು. ಆಕಾಶಕ್ಕಿಲ್ಲ, ಫೋಟೋಗೆ ಇದ್ದಾರೆ.

ಆಮೇಲೆ ಕೂತು ಓದಿಕೊಂಡೆ. ಅಮೆರಿಕದ ಕಾನೂನಿನಂತೆ ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಮಾಡಿದ್ದಕ್ಕೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ನಾಸಾದ ಸ್ವಂತ ಚಿತ್ರಗಳು ಮುಕ್ತವಾಗಿರುವುದು ಹೀಗೆ. ಆದರೆ ನಾಸಾ ತಾಣದಲ್ಲಿ ಇರುವುದೆಲ್ಲ ನಾಸಾದ್ದಲ್ಲ. ಹವ್ಯಾಸಿಗಳದ್ದು, ಬೇರೆ ಸಂಸ್ಥೆಗಳದ್ದು ಇರುತ್ತದೆ. ಮುಕ್ತವಾದದ್ದನ್ನು ಬಳಸುವಾಗಲೂ ಮೂಲವನ್ನು ಹೆಸರಿಸಿ ಎಂದು ಅವರು ಕೇಳುತ್ತಾರೆ, ಲಾಂಛನವನ್ನಂತೂ ಮುಟ್ಟುವ ಹಾಗಿಲ್ಲ. ಐರೋಪ್ಯರ ಹಬಲ್ ತಾಣದ ಚಿತ್ರಗಳನ್ನೂ ಬಳಸಬಹುದು, ಆದರೆ ಅಲ್ಲಿ ಹೆಸರು ಕೊಡುವುದು ಸೌಜನ್ಯವಲ್ಲ, ಷರತ್ತು.

ನನ್ನ ಆಸೆ ನಮ್ಮದೇ ಚಿತ್ರ ಹಾಕಬೇಕೆಂದು. ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿದ ಆರ್ಯಭಟಕ್ಕಿಂತ ಒಳ್ಳೆಯ ಮುಖಪುಟ ಬೆಂಗಳೂರಿನ ಮಕ್ಕಳಿಗೆ ಯಾವುದು? ಆದರೆ ನಮ್ಮ 1957ರ ಕಾಯ್ದೆಯಲ್ಲಿ ಸರ್ಕಾರಿ ಕೃತಿಗಳ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಆರ್ಯಭಟದ ಸರ್ಕಾರಿ ಫೋಟೋ ಆ ವರ್ಷವೇ ಪ್ರಕಟವಾಗಿದ್ದರೆ ಅದು ಎಲ್ಲರದ್ದಾಗುವುದು 2036ರ ಜನವರಿ 1ಕ್ಕೆ. ಆಗ ನನಗೆ ನಲವತ್ತು ಸಮೀಪಿಸಿರುತ್ತದೆ. ಅನುಮತಿ ಕೇಳಬಹುದಿತ್ತು, ಆದರೆ ಬಿಡುಗಡೆಗೆ ಹತ್ತೇ ದಿನ ಉಳಿದಿತ್ತು. ಚಂದ್ರಯಾನ, ಮಂಗಳಯಾನಗಳ ದತ್ತಾಂಶವನ್ನು ಬ್ಯಾಲಾಳಿನ ಕೇಂದ್ರದ 'ಪ್ರದಾನ್' ತಾಣದಲ್ಲಿ ಯಾರು ಬೇಕಾದರೂ ನೋಂದಾಯಿಸಿಕೊಂಡು ಪಡೆಯಬಹುದು. ನಮ್ಮ ತೆರಿಗೆಯಲ್ಲಿ ತೆಗೆದ ಚಿತ್ರ ನಮ್ಮ ಮಕ್ಕಳ ಪುಸ್ತಕದ ಮುಖಪುಟಕ್ಕೂ ಅಷ್ಟೇ ಸಲೀಸಾಗಿ ಬರಬೇಕೆಂಬ ಗೊಣಗಾಟ ನನ್ನದು ಇದ್ದೇ ಇದೆ.

ಕೊನೆಗೆ ಆರಿಸಿದ್ದು ಎಲ್ಲರೂ ನೋಡಿ ಹಳತಾದ ಚಿತ್ರ. 1972ರ ಡಿಸೆಂಬರ್ 7ರಂದು ಅಪೋಲೊ 17ರ ಯಾತ್ರಿಕರು ಸುಮಾರು 29,000 ಕಿ.ಮೀ. ದೂರದಿಂದ ತೆಗೆದ ಇಡೀ ಭೂಮಿ, ಸಂಖ್ಯೆ ಎಎಸ್17-148-22727. ಮೂಲದಲ್ಲಿ ದಕ್ಷಿಣ ಧ್ರುವ ಮೇಲಿದೆ. ನಮ್ಮ ನಕ್ಷೆಯ ಅಭ್ಯಾಸಕ್ಕೆ ತಕ್ಕಂತೆ ತಿರುಗಿಸಿ ಪ್ರಕಟಿಸಿದರು. ಶಟರ್ ಒತ್ತಿದ್ದು ಯಾರೆಂಬ ಚರ್ಚೆ ಇರುವುದರಿಂದ ನಾಸಾ ಮೂವರ ಹೆಸರಿನಲ್ಲೂ ಕೊಡುತ್ತದೆ. ಪೂರ್ಣ ಗಾತ್ರದ ಕಡತ ತೆರೆದು ಅಂಚನ್ನು ಹಿಗ್ಗಿಸಿದಾಗ ಬಲ ಮೇಲ್ಭಾಗದಲ್ಲಿ ಬಿಳಿ ಸುರುಳಿ ಕಂಡಿತು. ಆ ವಾರ ತಮಿಳುನಾಡಿಗೆ ಅಪ್ಪಳಿಸಿದ್ದ ಚಂಡಮಾರುತ!

ಅಜ್ಜಿ ಮದುವೆಯಾಗಿ ಜಯನಗರದ ಈ ಮನೆಗೆ ಬಂದದ್ದು 1971ರಲ್ಲಿ. ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೇ ಓಡಿದೆ. ಡಬ್ಬಿಗಳ ಗೂಡಿಗೆ ಅಜ್ಜಿ ಹಳೇ ಮುಖಪುಟಗಳನ್ನು ಹಾಸುತ್ತಿದ್ದರು, ಆಕಾಶಗಂಗೆ ಒಳಮುಖವಾಗಿ.

"ಅಜ್ಜಿ, ನೀವು ಈ ಫೋಟೋ ಅಂಚಿನ ಹತ್ರ ಎಲ್ಲೋ ಇದೀರಿ."

ಕನ್ನಡಕ ಸರಿಮಾಡಿಕೊಂಡು ನೋಡಿದರು. "ಮೋಡ ಬಿಟ್ರೆ ಏನೂ ಕಾಣಲ್ವಲ್ಲೇ. ಮಳೆ ಬಂದಿತ್ತೋ ಏನೋ, ಯಾರಿಗೆ ನೆನಪಿರುತ್ತೆ." ಒಂದು ಕ್ಷಣ ಬಿಟ್ಟು ಕೇಳಿದರು, "ಇದಕ್ಕೂ ಯಾರಾದ್ರೂ ಕಾಗದ ಬರೀತಾರಾ?"

"ಇಲ್ಲ ಅಜ್ಜಿ. ತೆಗೆದವರ ಹೆಸರು ಹಾಕಿದ್ರೆ ಸಾಕು."

"ಹಾಗಾದ್ರೆ ಹೆಸರು ಕಾಣೋ ಹಾಗೆ ಹಾಕ್ಸು."

ಹೊಸ ಮುಖಪುಟಕ್ಕೆ ಅರ್ಧ ತಿಂಗಳ ಫೆಲೋಶಿಪ್ ಹೋಯಿತು. ಮೊದಲ ಎರಡು ಪ್ರತಿಗಳನ್ನು ಆಕಾಶಗಂಗೆಯ ಫೋಟೋ ತೆಗೆದವರ ವಿಳಾಸಕ್ಕೆ ಕಳಿಸಿದೆ.