ಐವತ್ತು ವರ್ಷದ ಗೆರೆ

ಜುಲೈ 4, 2024, ಗುರುವಾರ

ಅಂಗಡಿ ತೆಗೆಯುವ ಮುಂಚೆಯೇ ಹೋಗಿ ವೋಟು ಹಾಕಿ ಬಂದೆ. ಈ ದೇಶದಲ್ಲಿ ವೋಟೆಂದರೆ ಮೋಟು ಪೆನ್ಸಿಲ್ಲಿನಲ್ಲಿ ಎಳೆದ ಒಂದು ಕತ್ತರಿ ಗುರುತು. ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಇಷ್ಟು ವರ್ಷವಾದರೂ ಹೊರಗೆ ಬಂದ ಮೇಲೆ ಒಮ್ಮೆ ಬೆರಳು ನೋಡಿಕೊಳ್ಳುತ್ತೇನೆ.

ರಾತ್ರಿ ಹತ್ತಕ್ಕೆ ಇವರು ಎಕ್ಸಿಟ್ ಪೋಲ್ ಮುಂದೆ ಕೂತರು. ನಾನು ಅಡುಗೆಮನೆಯಲ್ಲಿ ಫೋನು ಹಿಡಿದು ಬೇರೆಯೇ ಫಲಿತಾಂಶಕ್ಕೆ ಕಾಯುತ್ತಿದ್ದೆ. ಲಂಡನ್ನಿನಲ್ಲಿ ಇವತ್ತೇ ಡ್ಯಾಗರ್ ಪ್ರಶಸ್ತಿ. ಕ್ರೈಂ ರೈಟರ್ಸ್ ಅಸೋಸಿಯೇಷನ್ ಕೊಡುವುದು. 1953ರಲ್ಲಿ ಜಾನ್ ಕ್ರೀಸಿ ಹುಟ್ಟುಹಾಕಿದ ಸಂಘ. ಅವರ ಹತ್ತಾರು ಡ್ಯಾಗರುಗಳಲ್ಲಿ ನನಗೆ ಬೇಕಾದದ್ದು ಒಂದೇ, ಹಿಸ್ಟಾರಿಕಲ್ ಡ್ಯಾಗರ್: ಹಳೆಯ ಕಾಲದಲ್ಲಿ ನಡೆಯುವ ಕೊಲೆಯ ಕಥೆಗೆ ಸಿಗುವ ಬಾಕು.

ಈ ಸಲ ಜೇಕ್ ಲಾಮಾರ್‌ಗೆ ಬಂತು, 'ವೈಪರ್ಸ್ ಡ್ರೀಮ್'. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿ, 1993ರಿಂದ ಪ್ಯಾರಿಸ್ಸಿನಲ್ಲಿ ಉಳಿದುಬಿಟ್ಟವರು. ಕಥೆ ಹಾರ್ಲೆಮ್ಮಿನದು, 1936ರಿಂದ 1961ರವರೆಗೆ. ಟ್ರಂಪೆಟ್ ಊದಲು ಅಲಬಾಮಾದಿಂದ ಬಂದ ಹುಡುಗ ಗಾಂಜಾ ಮಾರುವ ದೊಡ್ಡ ಕುಳವಾಗುತ್ತಾನೆ. ಸ್ವಂತ ಊರು ಬಿಟ್ಟು ದೂರ ಕೂತವರಿಗೇ ಊರಿನ ಹಳೆಯ ಹೆಣಗಳು ಚೆನ್ನಾಗಿ ಕಾಣುತ್ತವೇನೋ.

ಪ್ರಶಸ್ತಿಯ ನಿಯಮ ಮತ್ತೊಮ್ಮೆ ಓದಿದೆ. ಕಥೆಯ ಕಾಲ ಪ್ರಶಸ್ತಿಯ ವರ್ಷಕ್ಕಿಂತ ಐವತ್ತು ವರ್ಷವಾದರೂ ಹಿಂದಿರಬೇಕು. ಅಂದರೆ ಈ ವರ್ಷದ ಗೆರೆ 1974. ಮುಂದಿನ ವರ್ಷ ಎಮರ್ಜೆನ್ಸಿಯೂ ಗೆರೆ ದಾಟಿ ಚರಿತ್ರೆಯಾಗುತ್ತದೆ.

1974ರಲ್ಲಿ ನನಗೆ ಹನ್ನೆರಡು. ಗೆರೆಯ ಮೇಲೇ ನಿಂತಿದ್ದೇನೆ.

ಜುಲೈ 7, ಭಾನುವಾರ

ಟೆಲ್‌ಫರ್ಡ್‌ನಿಂದ ರೈಲು ಹತ್ತಿ ಒಬ್ಬಳೇ ಶ್ರೂಸ್‌ಬರಿಗೆ ಹೋದೆ. ಇವರಿಗೆ ಚರ್ಚೆಂದರೆ ಆಗದು, ಮೊಣಕಾಲಿನ ನೆಪ ಹೇಳಿದರು.

ಈ ಪ್ರಶಸ್ತಿ 1999ರಲ್ಲಿ ಶುರುವಾದಾಗ ಅದರ ಹೆಸರು ಎಲಿಸ್ ಪೀಟರ್ಸ್ ಹಿಸ್ಟಾರಿಕಲ್ ಡ್ಯಾಗರ್. ಪ್ರಾಯೋಜಕರು ಬದಲಾದ ಹಾಗೆ ಹೆಸರೂ ಬದಲಾಗಿ, ಈಗ ಆಕೆಯ ಹೆಸರೇ ಉಳಿದಿಲ್ಲ. ನಮ್ಮಲ್ಲಿ ರಸ್ತೆಗಳಿಗೆ ಆಗುವ ಹಾಗೆ.

ಎಲಿಸ್ ಪೀಟರ್ಸ್ ಎಂಬ ಹೆಸರೂ ಆಕೆಯದಲ್ಲ. ನಿಜವಾದ ಹೆಸರು ಈಡಿತ್ ಪಾರ್ಜಿಟರ್. ಎಲಿಸ್ ಅಣ್ಣನ ಹೆಸರು, ಪೀಟರ್ಸ್ ಬಂದದ್ದು ಚೆಕ್ ಗೆಳತಿಯ ಮಗಳು ಪೆತ್ರಾಳಿಂದ. ಹುಟ್ಟಿದ್ದು 1913ರಲ್ಲಿ ಹಾರ್ಸ್‌ಹೇಯಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. 1930ರ ದಶಕದಲ್ಲಿ ಪಕ್ಕದ ಡಾಲಿಯಲ್ಲಿ ಒಂದು ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು. ಇದು ಗೊತ್ತಾದ ದಿನದಿಂದ ಆಕೆಯನ್ನು ಏಕವಚನದಲ್ಲೇ ಕರೆಯುತ್ತೇನೆ. ಒಂದೇ ಕಸುಬಿನವರು ನಾವು, ಒಂದೇ ಊರಿನ ಕೌಂಟರಿನ ಹಿಂದೆ ನಿಂತವರು.

ಆಕೆಯ ಪತ್ತೇದಾರ ಬ್ರದರ್ ಕ್ಯಾಡ್‌ಫೇಲ್ ಇದೇ ಶ್ರೂಸ್‌ಬರಿ ಆಬಿಯ ಸನ್ಯಾಸಿ, ವೇಲ್ಸ್‌ನವನು. ಧರ್ಮಯುದ್ಧಕ್ಕೆ ಹೋಗಿ ಬಂದು, ಬೇಕಾದ್ದೆಲ್ಲ ನೋಡಿ ಮುಗಿಸಿ, ಕೊನೆಗೆ ಮಠದ ಔಷಧಿ ತೋಟ ನೋಡಿಕೊಂಡಿರುವವನು. 1977ರಲ್ಲಿ ಮೊದಲ ಕಾದಂಬರಿ ಬಂದಾಗ ಆಕೆಗೆ ಅರವತ್ತಮೂರು, ನನಗಿಂತ ಒಂದೇ ವರ್ಷ ದೊಡ್ಡವಳು. ಅಲ್ಲಿಂದ ಇಪ್ಪತ್ತು ಕಾದಂಬರಿ. 1980ರಲ್ಲಿ ಸಿಲ್ವರ್ ಡ್ಯಾಗರ್ ತಂದುಕೊಟ್ಟ 'ಮಾಂಕ್ಸ್ ಹುಡ್'ನಲ್ಲಿ ಕೊಲೆಗೆ ಬಳಕೆಯಾಗುವುದು ವತ್ಸನಾಭಿ. ಕೀಲುನೋವಿಗೆ ಮೇಲೆ ತಿಕ್ಕಿದರೆ ಔಷಧಿ, ಹೊಟ್ಟೆಗೆ ಹೋದರೆ ಅಲ್ಲಿಗೆ ಮುಗಿಯಿತು. ಆ ಎಣ್ಣೆ ಕಾಯಿಸಿಟ್ಟವನು ಕ್ಯಾಡ್‌ಫೇಲನೇ. ಕೊಂದದ್ದು ತಾನೇ ಕಾಯಿಸಿದ ಎಣ್ಣೆ ಎಂದು ಅವನಿಗೆ ಗೊತ್ತಾಗುವ ಜಾಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಕೌಂಟರಿನ ಹಿಂದೆ ನಿಂತವಳಲ್ಲದೆ ಬೇರೆ ಯಾರೂ ಅದನ್ನು ಹಾಗೆ ಬರೆಯಲಾರರು.

ಆಬಿಯ ಒಳಗೆ ಆಕೆಯ ನೆನಪಿಗೆಂದು ಹಾಕಿದ ಬಣ್ಣದ ಗಾಜಿನ ಕಿಟಕಿಯಿದೆ, ಸಂತ ಬೆನೆಡಿಕ್ಟನದು. ಬಿಸಿಲು ಬಂದು ಹೋಗಿ ಮಾಡುತ್ತಿತ್ತು. ಹೊರಗೆ ಬಂದು ರಸ್ತೆ ದಾಟಿದರೆ ಕಾರು ನಿಲ್ಲಿಸುವ ಜಾಗದ ಹತ್ತಿರ ಒಂದು ಕಲ್ಲಿನ ಮಂಟಪ ತಬ್ಬಲಿಯ ಹಾಗೆ ನಿಂತಿದೆ. ಸನ್ಯಾಸಿಗಳು ಉಣ್ಣುವಾಗ ಒಬ್ಬ ಅದರೊಳಗೆ ನಿಂತು ಧರ್ಮಗ್ರಂಥ ಓದುತ್ತಿದ್ದನಂತೆ. ಇಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಮಠದ ಮಧ್ಯದಲ್ಲೇ ರಸ್ತೆ ಎಳೆದ. ಊಟದ ಮನೆ ಹೋಯಿತು, ಓದುವ ಮಂಟಪ ಉಳಿಯಿತು. ನಾನಿರುವ ಊರಿಗೆ ಅದೇ ಮನುಷ್ಯನ ಹೆಸರು.

ಕೋಟೆಯವರೆಗೂ ನಡೆದೆ. 1138ರಲ್ಲಿ ಸ್ಟೀಫನ್ ರಾಜ ಈ ಕೋಟೆ ಹಿಡಿದು ಒಳಗಿದ್ದವರನ್ನು ಗಲ್ಲಿಗೇರಿಸಿದ, ಇದು ಚರಿತ್ರೆ. ಕಾದಂಬರಿಯಲ್ಲಿ ಕ್ಯಾಡ್‌ಫೇಲ್ ಹೆಣಗಳನ್ನು ಹೂಳಲು ಹೋಗುತ್ತಾನೆ. ಗಲ್ಲಿಗೆ ಹಾಕಿದ್ದು ತೊಂಬತ್ತನಾಲ್ಕು, ಎಣಿಸಿದರೆ ತೊಂಬತ್ತೈದು. ಗದ್ದಲ ನೋಡಿಕೊಂಡು ಯಾರೋ ತಮ್ಮದೊಂದು ಹೆಣವನ್ನು ರಾಜನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ. ಈ ಪ್ರಕಾರದ ಕಾದಂಬರಿ ಏನು ಮಾಡಬೇಕು ಎಂದು ನನ್ನನ್ನು ಕೇಳಿದರೆ ಇದೊಂದನ್ನು ತೋರಿಸುತ್ತೇನೆ: ಕುಳಿತು ಎಣಿಸಬೇಕು.

ಜುಲೈ 13, ಶನಿವಾರ

ಮಳೆ. ಇಲ್ಲಿನ ಮಳೆ, ಅಂದರೆ ಮಳೆಯಲ್ಲ.

ಅಬೀರ್ ಮುಖರ್ಜಿ ಮತ್ತು ವಸೀಮ್ ಖಾನ್ ಪುಸ್ತಕಗಳನ್ನು ಮತ್ತೆ ತೆಗೆದೆ. ಮುಖರ್ಜಿ ಲಂಡನ್ನಿನಲ್ಲಿ ಹುಟ್ಟಿ ಸ್ಕಾಟ್‌ಲೆಂಡಿನಲ್ಲಿ ಬೆಳೆದ ಅಕೌಂಟೆಂಟು. 1919ರ ಕಲ್ಕತ್ತದ 'ಎ ರೈಸಿಂಗ್ ಮ್ಯಾನ್'ಗೆ 2017ರಲ್ಲಿ ಬಾಕು ಬಂತು, 2020ರಲ್ಲಿ 'ಡೆತ್ ಇನ್ ದಿ ಈಸ್ಟ್'ಗೆ ಇನ್ನೊಂದು. ಮರುವರ್ಷವೇ ಖಾನರ 'ಮಿಡ್‌ನೈಟ್ ಅಟ್ ಮಲಬಾರ್ ಹೌಸ್'. 1949ರ ಕೊನೆಯ ರಾತ್ರಿ, ಬೊಂಬಾಯಿ. ದೇಶದ ಮೊದಲ ಹೆಣ್ಣು ಇನ್‌ಸ್ಪೆಕ್ಟರ್ ಎಂದು ಅವರು ಕಲ್ಪಿಸಿಕೊಂಡ ಪರ್ಸಿಸ್ ವಾಡಿಯಾ ಒಬ್ಬಳೇ ಠಾಣೆಯಲ್ಲಿರುವಾಗ ಫೋನು ಬರುತ್ತದೆ, ಇಂಗ್ಲಿಷ್ ಅಧಿಕಾರಿಯೊಬ್ಬನ ಕೊಲೆಯಾಗಿದೆ ಎಂದು. ಅದೇ ವಸೀಮ್ ಖಾನ್ ಈಗ ಆ ಸಂಘದ ಅಧ್ಯಕ್ಷರು. ಎಪ್ಪತ್ತು ವರ್ಷದಲ್ಲಿ ಬಿಳಿಯರಲ್ಲದ ಮೊದಲ ಅಧ್ಯಕ್ಷರು.

ಮುಖರ್ಜಿಯವರಲ್ಲಿ ನನಗೆ ಹಿಡಿಸುವುದು ಸುರೇಂದ್ರನಾಥ ಬ್ಯಾನರ್ಜಿ. ಹೆಸರು ಹೇಳಲು ಬಾರದ ಇಂಗ್ಲಿಷರು ಅವನನ್ನು 'ಸರೆಂಡರ್ ನಾಟ್' ಎನ್ನುತ್ತಾರೆ. ಅವನು ತಿದ್ದುವುದೂ ಇಲ್ಲ, ಒಪ್ಪುವುದೂ ಇಲ್ಲ. ನನ್ನ ಹೆಸರಿಗೂ ಅಂಗಡಿಯಲ್ಲಿ ಆದದ್ದು ಅದೇ, ನಾನೂ ಮಾಡಿದ್ದು ಅದೇ.

ಆದರೂ ಒಂದು ಮಾತು. ಬ್ರಿಟಿಷರ ಕಾಲದ ಕೊಲೆ ಓದುವಾಗ ನಮಗೊಂದು ನೆಮ್ಮದಿ ಇರುತ್ತದೆ. ಕೊಂದವನು ಯಾರೇ ಆಗಲಿ, ಆ ಕಾಲದ ದೊಡ್ಡ ಅಪರಾಧಿ ಯಾರೆಂದು ಗೊತ್ತಿದೆ, ಅವನು ನಮ್ಮ ಮನೆಯವನಲ್ಲ. ಹರಿಣಿ ನಾಗೇಂದ್ರ ಅವರ 'ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' ಹೋದ ವರ್ಷ ಓದಿದಾಗಲೂ, 1921ರ ಬೆಂಗಳೂರಿನಲ್ಲಿ ಸೀರೆಯುಟ್ಟು ಗಣಿತ ಮಾಡುವ ಕಾವೇರಿಯ ಬೆನ್ನಿಗೆ ಖುಷಿಯಿಂದ ಓಡಾಡಿದೆ. ಆ ಕಥೆಯನ್ನು ಅಕ್ಕನಿಗೆ ಮೂರು ಭಾನುವಾರ ಫೋನಿನಲ್ಲಿ ಹೇಳಿದೆ. ಮೂರನೆಯದಕ್ಕೆ ಮುಂಚೆಯೇ ಕಂಡುಹಿಡಿದುಬಿಟ್ಟಳು.

ಅಕ್ಕ ಯಾವತ್ತೂ ಹಾಗೇ. ತೀರ್ಥಹಳ್ಳಿಯಿಂದ ಬಾಡಿಗೆಗೆ ತಂದ ಎನ್. ನರಸಿಂಹಯ್ಯನವರ ಪುಸ್ತಕವನ್ನು ಭೂಗೋಳದ ಪುಸ್ತಕದೊಳಗೆ ಇಟ್ಟು, ಚಿಮಣಿ ಬುಡ್ಡಿಯ ಮುಂದೆ ನನಗೆ ಪಿಸುದನಿಯಲ್ಲಿ ಓದಿ ಹೇಳುತ್ತಿದ್ದಳು. ಪತ್ತೇದಾರ ಪುರುಷೋತ್ತಮ ಕೊಲೆಗಾರನ ಕೈ ಹಿಡಿಯುವ ಮೊದಲೇ ಇವಳು ಹಿಡಿದಿರುತ್ತಿದ್ದಳು.

ನಮ್ಮಲ್ಲಿ ಈ ಜಾತಿಯ ಪುಸ್ತಕಕ್ಕೆ ಬೇರೆಯೇ ಪಂಕ್ತಿ. ತೇಜಸ್ವಿಯವರ 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು, ಒಳಗೊಂದು ಅನುಮಾನದ ಸಾವೂ ಇದೆ. ಯಾರೂ ಪತ್ತೇದಾರಿ ಕಾದಂಬರಿ ಎನ್ನಲಿಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ದಲ್ಲಿ ಕೊಡಗಿನ ಅರಮನೆಯ ತುಂಬ ರಕ್ತ. ಅಲ್ಲಿ ಪತ್ತೆ ಮಾಡುವುದಕ್ಕೆ ಏನಿದೆ, ಕೊಂದವನು ಯಾರೆಂದು ಊರಿಗೇ ಗೊತ್ತು. ಗೊತ್ತಿದ್ದೂ ಊರು ಹೇಗೆ ಬಾಯಿ ಮುಚ್ಚಿಕೊಂಡು ಬದುಕಿತು ಎನ್ನುವುದೇ ಅಲ್ಲಿನ ಕಥೆ ಎಂದು ಈಗ ಅನ್ನಿಸುತ್ತದೆ.

ಜುಲೈ 19, ಶುಕ್ರವಾರ

ಬೆಳಿಗ್ಗೆ ಅಂಗಡಿಯ ಕಂಪ್ಯೂಟರು ಸತ್ತಿತ್ತು. ನಮ್ಮದಷ್ಟೇ ಅಲ್ಲ, ಪ್ರಪಂಚದಲ್ಲಿ ಅರ್ಧ. ವಿಮಾನಗಳು ನಿಂತವು, ಡಾಕ್ಟರುಗಳ ಚೀಟಿ ಬರಲಿಲ್ಲ. ಸಂಜೆವರೆಗೂ ಕೈಯಲ್ಲೇ ಬರೆದುಕೊಂಡೆವು. ಜೊತೆಗಿರುವ ಹುಡುಗಿಗೆ ಡಾಕ್ಟರರ ಕೈಬರಹ ಓದಿ ಗೊತ್ತಿಲ್ಲ, ನನಗೆ ಮಜವೆನಿಸಿತು. ಈಡಿತ್ ಇಡೀ ದಿನ ಪಕ್ಕದಲ್ಲೇ ನಿಂತಿದ್ದಳು.

ಬರೆಯುವುದು ಅಭ್ಯಾಸವಾದ ಕೈಗೆ ನಿಲ್ಲಿಸಲು ಆಗಲಿಲ್ಲ. ಈಗ ರಾತ್ರಿ ಹನ್ನೊಂದೂವರೆ. ಬರೆದೇಬಿಡುತ್ತೇನೆ.

1974, ಮಾರ್ಚ್ ಒಂದಕ್ಕೆ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ, ಅಲ್ಲಿಂದ ಉಳುವವನಿಗೆ. ಒಕ್ಕಲು ಮಾಡಬೇಕಾದದ್ದು ಇಷ್ಟೇ: ಏಳನೇ ನಂಬರಿನ ಫಾರಂ ತುಂಬಿ ಕೊಡುವುದು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಷನ್ ಹಾಕೋದು' ಎನ್ನುತ್ತಿದ್ದರು. ಆ ಶಬ್ದ ನಮ್ಮ ಜಗುಲಿಯಲ್ಲಿ ಕಾಯಿಲೆಯ ಹೆಸರಿನಂತೆ ಕೇಳುತ್ತಿತ್ತು. ನಮ್ಮ ಒಕ್ಕಲುಗಳಲ್ಲಿ ಮೊದಲು ಹಾಕಿದವನು ಅವನು. ಹೆಸರು ಇಲ್ಲೂ ಬರೆಯಲು ಕೈ ಬರುತ್ತಿಲ್ಲ.

ಆಷಾಢದ ಒಂದು ಸಂಜೆ, ಮಳೆ ಹೊಳವಾಗಿದ್ದಾಗ ಅಜ್ಜಯ್ಯ ಕರೆಸಿದ್ದರೆಂದು ಬಂದ. ಕಂಬಳಿ ಕೊಪ್ಪೆಯನ್ನು ಬಿಚ್ಚಿ, ಮಡಿಸಿ, ಹೊರಜಗುಲಿಯ ಗೂಟಕ್ಕೆ ಹಾಕಿದ. ಒಣ ಕಂಬಳಿಗೂ ಹೊಗೆಯ ಒಂದು ವಾಸನೆ ಇರುತ್ತದೆ, ಅದು ಒಳಗಿನವರೆಗೂ ಬಂತು. ಕಂಬಳಿಯ ಅಂಚಿನಲ್ಲಿ ಒಂದು ಕಡೆ ಕೆಂಪು ನೂಲಿನಲ್ಲಿ ತೇಪೆ ಹಾಕಿತ್ತು, ಅವನ ಹೆಂಡತಿಯ ಕೈಯದ್ದಿರಬೇಕು. ಅವನಿಗೆ ಅಲ್ಲೇ ಎಲೆ ಹಾಕಿದರು. ಯಾರ ದನಿಯೂ ಏರಲಿಲ್ಲ. ಅಜ್ಜಯ್ಯ ದನಿ ಏರಿಸಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ನಾನು ಮಲಗಿದೆ. ಮಲಗಿದ ಮೇಲೆ ಮಳೆ ಹಿಡಿದದ್ದು ಗೊತ್ತು, ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ.

ಮಾರನೇ ದಿನ ಮಧ್ಯಾಹ್ನ ಹಳ್ಳದ ಕೆಳಗೆ, ಕೇದಿಗೆ ಮಟ್ಟಿಯಲ್ಲಿ ಸಿಕ್ಕಿದ. ಸಂಕ ಜಾರಿ ಬಿದ್ದ ಎಂದರು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಸಂಕದಿಂದ ವರ್ಷಕ್ಕೊಬ್ಬರು ಜಾರುತ್ತಿದ್ದರು, ಅದೇನೂ ಸುಳ್ಳಲ್ಲ.

ನನ್ನ ಹತ್ತಿರ ಇರುವ ಸಾಕ್ಷಿ ಒಂದೇ. ಬೆಳಿಗ್ಗೆ ಎದ್ದು ಬಂದಾಗ ಗೂಟ ಖಾಲಿ ಇತ್ತು. ಅಂದರೆ ಅವನು ಕಂಬಳಿ ಹೊದ್ದು, ತಾನೇ ಎದ್ದು, ತನ್ನ ಕಾಲಿನಲ್ಲಿ ಮನೆಗೆ ಹೊರಟಿದ್ದ. ಹೆಣದ ಮೈಮೇಲೆ ಕಂಬಳಿ ಇರಲಿಲ್ಲ; ಹಳ್ಳ ತೆಗೆದುಕೊಂಡು ಹೋಗಿರುತ್ತದೆ. ಐವತ್ತು ವರ್ಷ ಈ ಖಾಲಿ ಗೂಟವನ್ನು ಹಿಡಿದುಕೊಂಡು ಬಂದಿದ್ದೇನೆ.

ಆ ಮಳೆಗಾಲ ಮುಗಿಯುವುದರೊಳಗೆ ಅವನ ಹೆಂಡತಿ ಡಿಕ್ಲರೇಷನ್ ವಾಪಸು ತೆಗೆದುಕೊಂಡು ತವರಿಗೆ ಹೋದಳು. ಮುಂದೆ ಆ ಗದ್ದೆ ಮಾರಿದ ದುಡ್ಡಿನಲ್ಲಿ ನಾನು ಬಿ.ಫಾರ್ಮಾ ಮಾಡಿದೆ.

ಜುಲೈ 21, ಭಾನುವಾರ

ಅಕ್ಕನಿಗೆ ಫೋನು ಸಿಗಲಿಲ್ಲ. ಮೂರು ದಿನದಿಂದ ಕರೆಂಟಿಲ್ಲವಂತೆ, ಅವಳ ಮಗ ಮೆಸೇಜು ಹಾಕಿದ್ದಾನೆ. ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದ ಸುದ್ದಿ ಇಲ್ಲೂ ನೋಡಿದೆವು. ಮನೆ ಹಿಂದಿನ ಗುಡ್ಡದ ಬಗ್ಗೆ ಕೇಳಿದೆ. ಹೆಬ್ಬೆಟ್ಟಿನ ಗುರುತು ಕಳಿಸಿದ.

ಜುಲೈ 28, ಭಾನುವಾರ

ಇವತ್ತು ಸಿಕ್ಕಳು. ಎಪ್ಪತ್ತು ದಾಟಿದರೂ ದನಿ ಮಾತ್ರ ಹಳೆಯದೇ.

ಬಾಕು ಯಾರಿಗೆ ಬಂತು ಎಂದು ಅವಳೇ ಕೇಳಿದಳು. ಹೇಳಿದೆ. ಐವತ್ತು ವರ್ಷದ ನಿಯಮವನ್ನೂ ಹೇಳಿದೆ.

"ಹಾಗಾದರೆ ನಾವೂ ಹಳೇ ಕಾಲದವರಾದ್ವಲ್ಲೇ," ಎಂದು ನಕ್ಕಳು.

ಅದೇ ನಗುವಿನ ಬೆನ್ನಿಗೇ ಹೇಳಿದೆ. ಆ ವರ್ಷದ ಆಷಾಢದ್ದು ಏನಾದರೂ ಬರೆಯಬೇಕು ಅನ್ನಿಸಿದೆ, ಆ ಒಕ್ಕಲಿನವನದು. ಆಚೆ ಕಡೆ ಸುಮ್ಮನಾಯಿತು. ಲೈನು ಹೋಯಿತೆಂದುಕೊಂಡೆ, ಆದರೆ ಮಳೆಯ ಸದ್ದು ಕೇಳುತ್ತಲೇ ಇತ್ತು.

"ಈಗ ಯಾಕೆ ಮಾರಾಯ್ತಿ ಅದೆಲ್ಲ? ಅಜ್ಜಯ್ಯ ಹೋಗಿಯೇ ನಲವತ್ತು ವರ್ಷ ಆಯ್ತು."

"ಕೆಟ್ಟದ್ದೇನೂ ಬರೆಯಲ್ಲ ಅಕ್ಕ. ಅವನು ತಾನೇ ಹೊರಟು ಹೋದದ್ದಕ್ಕೆ ನಾನೇ ಸಾಕ್ಷಿ ಇದ್ದೀನಿ." ಗೂಟದ ವಿಷಯ ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಹೇಳಿದ್ದು.

"ಯಾವ ಕಂಬಳಿ? ಆ ಕೆಂಪು ತೇಪೆದ್ದಾ?" ಎಂದಳು. "ಅದು ಮೇಲುಪ್ಪರಿಗೆ ಕೆಡವುವಾಗ ಸಿಕ್ತಲ್ಲ. ಅಟ್ಟದಲ್ಲಿ, ಹಳೇ ಕೊಪ್ಪರಿಗೆ ಒಳಗೆ. ಪೂರಾ ಹುಳ ತಿಂದಿತ್ತು, ಸುಡಿಸಿದೆ."

ಅಟ್ಟಕ್ಕೆ ಹೇಗೆ ಹೋಯಿತು ಎಂದೆ.

"ನಾನೇ ಇಟ್ಟಿದ್ದಲ್ವಾ. ಅಜ್ಜಿ ಇಡು ಅಂದ್ರು."

"ಯಾವಾಗ ಅಕ್ಕ?"

"ಅವತ್ತು ರಾತ್ರಿನೇ. ನೀನು ನಿದ್ದೆ ಹೋಗಿದ್ದೆ."

ಆಮೇಲೆ ಅಡಿಕೆ ಮಾತು ತೆಗೆದಳು. ಕೊಳೆ ಶುರುವಾಗಿದೆ, ಎರಡನೇ ಸಲ ಬೋರ್ಡೋ ಹೊಡೆಸಬೇಕು, ಆಳು ಬಂದು ಕೂತಿದ್ದಾರೆ, ಅರ್ಧ ದಿನವೂ ಹೊಳ ಕೊಡುತ್ತಿಲ್ಲ. ನಾನು ಹೂಂ ಎನ್ನುತ್ತಿದ್ದೆ.