ಲೇಕ್ ವಾಷಿಂಗ್ಟನ್‌ನಲ್ಲಿ ಕಡಿಮೆ ಖರ್ಚಿನ ಟ್ರೋಲಿಂಗ್

ಟ್ರೋಲ್ ಅಂದ್ರೆ ನಮಗೆಲ್ಲ ಫೇಸ್‌ಬುಕ್ ಜಗಳವೇ ನೆನಪಾಗುತ್ತೆ. ಸಿಯಾಟಲ್‌ನಲ್ಲಿ ಅದಕ್ಕೆ ಇನ್ನೊಂದು ಅರ್ಥ: ಸಾಗುವ ದೋಣಿಯ ಹಿಂದೆ ಗಾಳ ಎಳೆಯುತ್ತಾ ಮೀನು ಹಿಡಿಯೋದು.

ಕೆಲಸ ಹೋಗಿತ್ತು. ಎಚ್-1ಬಿ ವೀಸಾದವರಿಗೆ ಹೊಸ ಕೆಲಸ ಹುಡುಕಲು ಸಿಗೋದು ಹೆಚ್ಚೆಂದರೆ 60 ದಿನ. ರೂಮಿನಲ್ಲಿ ಕೂತು ದಿನ ಎಣಿಸೋದಕ್ಕಿಂತ ವಾಸಿ ಅಂತ ಗೆಳೆಯನ ಹಳೇ ಕಯಾಕ್ ತಗೊಂಡು ಲೇಕ್ ವಾಷಿಂಗ್ಟನ್‌ಗೆ ಇಳಿದೆ.

ಮೋಟಾರು, ಸೋನಾರ್ ಏನೂ ಬೇಕಿಲ್ಲ. ಏಳಡಿಯ ಸಾಧಾರಣ ರಾಡ್, ಹೊಳೆಯುವ ಎರಡು ಸ್ಪೂನ್, ಲೈಫ್ ಜಾಕೆಟ್ ಸಾಕು. ಲೈಸೆನ್ಸ್ ಮಾತ್ರ ಕಡ್ಡಾಯ. ದಾರವನ್ನು ನೂರಡಿ ಹಿಂದೆ ಬಿಟ್ಟೆ.

ಎರಡು ದಿನ ಬರಿಗೈ. ಡೆಡ್‌ಲೈನ್ ಇದ್ದವನ ಹಾಗೆ ಹುಟ್ಟು ಹಾಕ್ತಿದ್ದೆ. ಪಕ್ಕದ ದೋಣಿಯ ಅಜ್ಜ ನಿಧಾನ ಅಂತ ಕೈಸನ್ನೆ ಮಾಡಿದರು. ಫೋನಿನ ಜಿಪಿಎಸ್ ನೋಡಿದರೆ ಗಂಟೆಗೆ ಮೂರು ಮೈಲಿ! ಎರಡಕ್ಕಿಂತ ಕೆಳಗಿಳಿಸಿದೆ. ಮೆಲ್ಲಗೆ ತಿರುಗುವಾಗ ಸ್ಪೂನ್ ಸ್ವಲ್ಪ ಆಳಕ್ಕಿಳಿಯುತ್ತೆ. ಅಲ್ಲೇ ರಾಡ್ ಬಾಗಿತು. ಗದ್ದದ ಕೆಳಗೆ ಕೆಂಪು ಗೀರಿನ ಕಟ್‌ಥ್ರೋಟ್ ಟ್ರೌಟ್. ನಿಯಮದ ಅಳತೆಗಿಂತ ದೊಡ್ಡದೇ ಇತ್ತು.

ಖುಷಿಗೆ ಅಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು: "ಇವತ್ತು ಮಂಗಳವಾರ ಅಲ್ವಾ, ಆಫೀಸಿಲ್ವೇನೋ?"

ಮೂರು ವಾರ ಮುಚ್ಚಿಟ್ಟದ್ದನ್ನು ನೀರಿನ ಮೇಲೇ ಹೇಳಿಬಿಟ್ಟೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದಳು, "ಮೊದಲು ದಡಕ್ಕೆ ಹೋಗು. ಸಾರು ಮಾಡ್ಕೊಂಡು ಉಣ್ಣು. ಆಮೇಲೆ ಮಾತಾಡೋಣ."